ಬೇಡ ಅನ್ನಲ್ಲ, ಮುಂದಕ್ಕೆ ಹಾಕ್ತಾರೆ

ಪ್ರೀತಿಯ ಪುಟ್ಟಿಗೆ,

ಮೊನ್ನೆ ಫೋನಿನಲ್ಲಿ, "ಏನು ಒಳ್ಳೇದು ಬಂದ್ರೂ ಹಿಂದಕ್ಕೇ ಎಳೀತಾರಲ್ಲಮ್ಮ, ಯಾಕಾದ್ರೂ ಓಟು ಹಾಕ್ಬೇಕು?" ಅಂದೆ. ಆಗ ನಾನು ಸುಮ್ಮನಿದ್ದೆ. ಬರೆದು ಹೇಳಿದರೆ ನಡುವೆ ಬಾಯಿ ಹಾಕಲು ನಿನಗೆ ಆಗೋದಿಲ್ಲ.

1987ರ ಜನವರಿಯಲ್ಲಿ ನಾನು ಮಂಡಲ ಪಂಚಾಯ್ತಿಗೆ ನಿಂತೆ, ಈಗಿನ ಗ್ರಾಮ ಪಂಚಾಯ್ತಿ ಜಾಗದಲ್ಲಿ ಆಗ ಇದ್ದದ್ದು ಅದು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು ತಂದ ಕಾಯ್ದೆಯಲ್ಲಿ ಹೆಂಗಸರಿಗೆ ನೂರಕ್ಕೆ 25 ಸೀಟು ಮೀಸಲು. ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡವರು ಅವರು. ನಾಮಪತ್ರ ತುಂಬಿಸಿದ್ದು ನಿನ್ನಜ್ಜ. ಅಧಿಕಾರ ಮನೆಯಲ್ಲೇ ಇರಲಿ ಅನ್ನೋದು ಅವರ ಲೆಕ್ಕ. ಮೊದಲ ಸಭೆಯಲ್ಲಿ ಹಾಜರಿ ಪುಸ್ತಕ ನನ್ನ ಮುಂದೆ ಬರಲೇ ಇಲ್ಲ. "ಮನೆಗೇ ತಂದು ಸೈನ್ ಹಾಕಿಸ್ಕೋತೀನಿ ಬಿಡಿ ಅಕ್ಕ" ಅಂದರು ಕಾರ್ಯದರ್ಶಿ. ಮುಂದೊಂದು ಸಭೆಯಲ್ಲಿ ನಮ್ಮ ಕೇರಿಯ ಬೋರಿಂಗಿಗೆ ರಾಡು ಬದಲಿಸಿದ ಬಿಲ್ಲು ಬಂತು. ದಿನಾ ಅದನ್ನು ಹೊಡೆದು ಕೊಡ ತುಂಬುತ್ತಿದ್ದವಳು ನಾನು, ಯಾವ ರಾಡೂ ಬದಲಾಗಿರಲಿಲ್ಲ. ಎದ್ದು ಹೇಳಿದೆ. ಪ್ರಧಾನರು, ಅಂದ್ರೆ ಮಂಡಲದ ಅಧ್ಯಕ್ಷರು, ಅವತ್ತೇ ಮೊದಲು ನನ್ನ ಹೆಸರು ಹಿಡಿದು ಕರೆದಿದ್ದು, ಕೂತ್ಕೊಳ್ಳಿ ಅನ್ನೋದಕ್ಕೆ. ಬಿಲ್ಲು ಮಾತ್ರ ಪಾಸಾಗಲಿಲ್ಲ.

ಈಗಿನ ಜಿಲ್ಲಾ ಪಂಚಾಯ್ತಿಯ ಹಾಗಿದ್ದ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ಆಗ ರಾಜ್ಯ ಸಚಿವರ ದರ್ಜೆ. ಕೆಲಸವೆಲ್ಲ ಅಲ್ಲೇ ಆದರೆ ಎಂಎಲ್‌ಎ ಮನೆ ಬಾಗಿಲಿಗೆ ಯಾರು ಹೋಗ್ತಾರೆ ಹೇಳು? ಎಂಎಲ್‌ಎಗಳಿಗೆ ಸಿಟ್ಟು ಹುಟ್ಟಿದ್ದು ಅಲ್ಲಿ. 1989ರಲ್ಲಿ ಸರ್ಕಾರ ಬದಲಾಯಿತು. ಪಂಚಾಯ್ತಿ ಬೇಡ ಅಂತ ವೇದಿಕೆ ಹತ್ತಿ ಹೇಳಿದವರನ್ನು ನಾನು ಕಾಣಲಿಲ್ಲ. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ಮಾತ್ರ ಬರಲಿಲ್ಲ, ಆಡಳಿತಾಧಿಕಾರಿ ಬಂದು ಕೂತರು.

ದಿಲ್ಲಿಯ ಕಥೆಯೂ ಇದೇ. ಲೋಕಸಭೆ, ವಿಧಾನಸಭೆಗಳಲ್ಲಿ ಹೆಂಗಸರಿಗೆ ಸೀಟು ಮೀಸಲಿಡೋ ಮಹಿಳಾ ಮೀಸಲಾತಿ ಮಸೂದೆಯನ್ನು ಮೊದಲು ಮಂಡಿಸಿದ್ದು 1996ರಲ್ಲಿ, ನಮ್ಮ ದೇವೇಗೌಡರ ಸರ್ಕಾರ. 1998ರಲ್ಲಿ ಲೋಕಸಭೆಯಲ್ಲೇ ಸಂಸದರೊಬ್ಬರು ಅದರ ಪ್ರತಿ ಕಸಿದು ಹರಿದರು. ಎಲ್ಲರೂ ಅವರನ್ನೇ ಬೈದರು. ನನ್ನನ್ನು ಕೇಳಿದರೆ, ಮೇಜು ಕುಟ್ಟಿ ಒಪ್ಪಿ ಆಮೇಲೆ ಮೂಲೆಗಿಟ್ಟವರು ಅವರಿಗಿಂತ ಗಟ್ಟಿಗರು. 2010ರಲ್ಲಿ ರಾಜ್ಯಸಭೆ ಪಾಸು ಮಾಡಿದ ಮಸೂದೆ 2014ರಲ್ಲಿ ಲೋಕಸಭೆಯ ಜೊತೆಗೇ ಬಿದ್ದುಹೋಯಿತು. 2023ರಲ್ಲಿ ಕೊನೆಗೂ ಕಾಯ್ದೆಯಾಯಿತು. ಆದರೆ ಸೀಟು ಸಿಗೋದು ಜನಗಣತಿ, ಕ್ಷೇತ್ರ ಪುನರ್ವಿಂಗಡಣೆ ಎಲ್ಲ ಆದಮೇಲೆ ಅಂತ ಅದರಲ್ಲೇ ಬರೆದರು.

ಹಾಗಂತ ಎಳೆದಷ್ಟೂ ಪೂರ್ತಿ ಹಿಂದಕ್ಕೆ ಹೋಗೋದಿಲ್ಲ ಕಣೇ. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾಗಿ ಪಂಚಾಯ್ತಿಗಳಲ್ಲಿ ಮೂರರಲ್ಲೊಂದು ಸೀಟು ನಮ್ಮದಾಯಿತು, ಈಗ ನಮ್ಮ ರಾಜ್ಯದಲ್ಲಿ ಅರ್ಧ. 93ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂದಾಗ ನಾನು ನಿನ್ನಜ್ಜನನ್ನು ಕೇಳಲೇ ಇಲ್ಲ. ನಾಮಪತ್ರ ಸಲ್ಲಿಸಿ ಬಂದು ಅನ್ನಕ್ಕಿಟ್ಟೆ. ಅಧ್ಯಕ್ಷೆಯ ಕುರ್ಚಿ ಪಕ್ಕ ಗಂಡನೂ ಕುರ್ಚಿ ಹಾಕ್ಕೊಂಡು ಕೂರೋ ಊರುಗಳು ಇನ್ನೂ ಇವೆ, ಇಲ್ಲ ಅನ್ನಲ್ಲ. ಆದರೆ ಹಾಜರಿ ಪುಸ್ತಕ ಮನೆಗೆ ತರ್ತೀನಿ ಅನ್ನೋ ಧೈರ್ಯ ನನ್ನ ಹತ್ತಿರ ಆಮೇಲೆ ಯಾರಿಗೂ ಬರಲಿಲ್ಲ.

ಅದೇ ಹಳೇ ಆಟ 2021ರಲ್ಲಿ ಮತ್ತೆ ನೋಡಿದೆವು. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ ಮುಗಿದು ವರ್ಷಗಟ್ಟಲೆ ಚುನಾವಣೆ ಇಲ್ಲ. ಕ್ಷೇತ್ರದ ಗಡಿ, ಮೀಸಲಾತಿ ಪಟ್ಟಿ, ಕೋರ್ಟು, ಹೀಗೆ ನೆಪಗಳು. ಪಕ್ಷ ಬದಲಾದರೂ ಅದು ಬದಲಾಗಲಿಲ್ಲ. ನಿನ್ನ ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ ಅದಕ್ಕೂ ಮುಂಚೆ, 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. ನಿಮ್ಮ ರಸ್ತೆ ಗುಂಡಿಗೆ ಯಾರನ್ನ ಕೇಳ್ತೀಯ ಅಂದಾಗ ನೀನು ಯಾವುದೋ ಆ್ಯಪ್ ಹೆಸರು ಹೇಳಿದೆ.

ನಿನ್ನ ಓಟು ಇನ್ನೂ ಇಲ್ಲಿನ ಪಟ್ಟಿಯಲ್ಲೇ ಇದೆ. ಈ ಭಾನುವಾರ ಫಾರಂ 8 ತುಂಬಿ ಅಲ್ಲಿಗೆ ಹಾಕಿಸಿಕೋ. ಮನೆ ಓನರ್ ಬಾಡಿಗೆ ಕರಾರು ಕೊಡಲ್ಲ ಅಂದರೆ ನನಗೆ ಫೋನ್ ಮಾಡು, ನಾನು ಮಾತಾಡ್ತೀನಿ.

ನಿನ್ನ ಅಮ್ಮ