ತಾಕ್ ಫೊರ್ ಮಾತೆನ್, ಆಯಿ

ಅಂಕೋಲೆಗೆ ವಾಪಸ್ ಬಂದು ಇವತ್ತಿಗೆ ಐದು ವಾರ. ಸಿಕ್ಕವರೆಲ್ಲ ಕೇಳುವುದು ಒಂದೇ: "ಹ್ಯಾಗಿತ್ತೆ ನಾರ್ವೆ?" ಅಂಗಡಿ ಎದುರು ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಬರುತ್ತಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಅದಕ್ಕಿಂತ ಮೊದಲು ನನ್ನನ್ನು ಅಲ್ಲಿಗೆ ಕಳಿಸಿದವರು, ಅಲ್ಲಿ ಸಾಕಿದವರು ಯಾರ್ಯಾರು ಅಂತ ಹೇಳಬೇಕು.

ನಾನು ಹೋದದ್ದು ರೋಟರಿಯ ಯೂತ್ ಎಕ್ಸ್‌ಚೇಂಜ್ ಮೂಲಕ, ಎಸ್ಸೆಸ್ಸೆಲ್ಸಿ ಮುಗಿದ ಮೇಲೆ, ಒಂದು ವರ್ಷಕ್ಕೆ. ಹೋದ ಮಕ್ಕಳು ಅಲ್ಲಿನ ಶಾಲೆಯಲ್ಲಿ ಕಲಿಯಬೇಕು, ಅಲ್ಲಿನ ಮನೆಗಳಲ್ಲಿ ಮನೆಮಕ್ಕಳಂತೆ ಇರಬೇಕು. ಇಟ್ಟುಕೊಂಡವರು ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಟಿಕೆಟ್ಟು, ವಿಮೆ, ವೀಸಾ ಮಾತ್ರ ನಮ್ಮದು. ಆ "ಮಾತ್ರ" ನಮ್ಮ ಮನೆಗೆ ಎಷ್ಟು ದೊಡ್ಡದಾಗಿತ್ತು ಅಂತ ಅಪ್ಪ ಸೊಸೈಟಿಯಲ್ಲಿ ಸಾಲಕ್ಕೆ ಸಹಿ ಹಾಕಿ ಬಂದ ದಿನ ಗೊತ್ತಾಯಿತು.

ಸಾಲ ಮಾಡಿದ್ದು ಜೂನ್‌ನಲ್ಲಿ. 2024ರ ಜುಲೈ 16ಕ್ಕೆ ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬಂದಾಗಿ ಕುಮಟೆ ಕಡೆಯ ಮಾಲು ನಿಂತಿತು, ಅಪ್ಪನ ಕಿರಾಣಿ ಅಂಗಡಿಯ ಕಪಾಟು ಖಾಲಿಯಾಗತೊಡಗಿತು. ಅದಕ್ಕಿಂತ ಹೆಚ್ಚಾಗಿ, ಜೀವ ಹೋದವರ ಮನೆಗಳು ನಮಗೆ ದೂರದವಲ್ಲ. ಗಂಗಾವಳಿ ನದಿಯಲ್ಲಿ ಜನರನ್ನು ಹುಡುಕುತ್ತಿರುವಾಗ ವಿದೇಶದ ಸೂಟ್‌ಕೇಸಿನ ಮಾತಾಡಲು ನನಗೇ ನಾಚಿಕೆಯಾಗುತ್ತಿತ್ತು. "ಈ ವರ್ಷ ಬೇಡ" ಅಂತ ನಾನೇ ಹೇಳಿದೆ. ಆಗ ಹೈಸ್ಕೂಲಿನ ನಮ್ಮ ಇಂಗ್ಲಿಷ್ ಅಕ್ಕೋರು ಮಳೆಯಲ್ಲೇ ಮನೆಗೆ ಬಂದು ಜಗಲಿಯ ಮೇಲೆ ಕೂತು ನನ್ನ ಅಮ್ಮನಿಗೆ, ಅಂದರೆ ಆಯಿಗೆ, ಹೇಳಿದರು: "ಒಂದ್ ವರ್ಷ ತಡ ಆಗಿ ಪಿಯುಸಿ ಮಾಡಿದ್ರೆ ಏನೂ ಕೊಳ್ಳೆ ಹೋಗೂದಿಲ್ಲ. ಕಳಿಸಿ." ಅಕ್ಕೋರೇ, ಇಂಟರ್‌ವ್ಯೂಗೆ ಮೊದಲು ಎರಡು ತಿಂಗಳು ಸಂಜೆ ಹೊತ್ತು ನೀವು ನನ್ನನ್ನು ಇಂಗ್ಲಿಷಿನಲ್ಲಿ ಮಾತಾಡಿಸಿದ್ದಕ್ಕಿಂತ ಆ ಒಂದು ಮಾತಿನ ಋಣ ನನಗೆ ದೊಡ್ಡದು.

ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆಯೂ ಬಿತ್ತು. ಮರುವಾರ ಗೋವಾಕ್ಕೆ ಹೋಗುವಾಗ ಹೊಸ ಸೇತುವೆ ದಾಟುವ ತನಕ ಆಯಿ ನನ್ನ ಕೈ ಬಿಡಲಿಲ್ಲ.

ನಾನಿದ್ದದ್ದು ಬರ್ಗೆನ್ ಹತ್ತಿರದ ಒಂದು ಸಣ್ಣ ಊರು. ಸುತ್ತ ಗುಡ್ಡ, ಎದುರು ಸಮುದ್ರ, ಮೇಲಿಂದ ಬಿಡದೆ ಸುರಿಯುವ ಮಳೆ. ಮೊದಲ ವಾರ ನನಗೆ ಏನೂ ಹೊಸತು ಅನಿಸಲೇ ಇಲ್ಲ. ಹೊಸತು ಅನಿಸಿದ್ದು ಊಟದ ಮೇಜಿನಲ್ಲಿ. ಉಂಡು ಏಳುವಾಗ ಮನೆಯಲ್ಲಿದ್ದ ಪ್ರತಿಯೊಬ್ಬರೂ "ತಾಕ್ ಫೊರ್ ಮಾತೆನ್" ಅನ್ನುತ್ತಿದ್ದರು. ಊಟಕ್ಕೆ ಧನ್ಯವಾದ ಅಂತ ಅರ್ಥ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ, ಆರು ವರ್ಷದ ತಂಗಿ ಇಬ್ಬರಿಗೂ. ದಿನಾ. ಬರೀ ಬ್ರೆಡ್ಡು ಚೀಸು ತಿಂದಿದ್ದರೂ. ನಮ್ಮಲ್ಲೂ ಪಂಕ್ತಿಯಲ್ಲಿ ಉಂಡು ಏಳುವಾಗ "ಅನ್ನದಾತಾ ಸುಖೀಭವ" ಅನ್ನುತ್ತಾರೆ. ಆದರೆ ಅದು ಮದುವೆ ಮನೆಯಲ್ಲೇ ಉಳಿದುಬಿಟ್ಟಿದೆ. ದಿನಾ ಒಲೆ ಮುಂದೆ ನಿಂತವಳಿಗೆ ಅದನ್ನು ಹೇಳಿದವರನ್ನು ನಾನು ಕಂಡಿಲ್ಲ, ನಾನೂ ಹೇಳಿರಲಿಲ್ಲ.

ಶಾಲೆಗೆ ಬುತ್ತಿ ಒಯ್ಯಬೇಕು. ಬ್ರೆಡ್ ಚೂರುಗಳ ಮೇಲೆ ಕಂದು ಬಣ್ಣದ ಚೀಸು, ಒಂದಕ್ಕೊಂದು ಅಂಟದಂತೆ ನಡುವೆ ತೆಳು ಕಾಗದ. ಆ ಚೀಸಿಗೆ ಬ್ರೂನೋಸ್ಟ್ ಅನ್ನುತ್ತಾರೆ. ಹಾಲೊಡೆದ ನೀರನ್ನು ಅದರ ಸಕ್ಕರೆ ಕೆಂಪಾಗುವ ತನಕ ಕುದಿಸಿ ಮಾಡುವುದಂತೆ. ಮೊದಲ ತುತ್ತಿಗೆ ನನಗೆ ನೆನಪಾದದ್ದು ಆಲೆಮನೆಯ ಕೊಪ್ಪರಿಗೆ. ಜೋನಿಬೆಲ್ಲ ಇಳಿಸುವ ಮುಂಚೆ ಬರುವ ಆ ಸುಟ್ಟ ಸಿಹಿಯ ವಾಸನೆ. ಕ್ಲಾಸಿನಲ್ಲಿ ಎಲ್ಲರೂ ಟೀಚರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನನ್ನ ಬಾಯಿಗೆ ಅದು ಬರಲು ಮೂರು ತಿಂಗಳು ಬೇಕಾಯಿತು. ಅಲ್ಲಿಯ ತನಕ ಕೈ ಎತ್ತಿ ಸುಮ್ಮನೆ ಕೂರುತ್ತಿದ್ದೆ, ಮನಸ್ಸಿನಲ್ಲಿ ಅವರು ಅಕ್ಕೋರೇ ಆಗಿದ್ದರು.

ನವೆಂಬರ್ ಕಷ್ಟದ್ದು. ಕತ್ತಲೆ ದಿನಕ್ಕಿಷ್ಟು ಅಂತ ಬೆಳೆಯುತ್ತ ಹೋಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವಾಗ ಒಂಬತ್ತೂವರೆ ದಾಟಿರುತ್ತದೆ, ಮೂರೂವರೆಗೆ ಮುಳುಗಿಯೇ ಬಿಡುತ್ತಾನೆ. ನಾರ್ವೇಜಿಯನ್ ಭಾಷೆ ಅರ್ಧ ತಿಳಿಯುತ್ತಿತ್ತು, ನಗುವ ಹೊತ್ತಿಗೆ ಎಲ್ಲರ ನಗು ಮುಗಿದಿರುತ್ತಿತ್ತು. ಒಂದು ರಾತ್ರಿ ಎಂಟಕ್ಕೆ ಫೋನ್ ಮಾಡಿ ಅಳುತ್ತ "ನಂಗೆ ಇಲ್ಲಿ ಆಗೂದಿಲ್ಲ" ಅಂದೆ. ಊರಲ್ಲಿ ಆಗ ಹನ್ನೆರಡೂವರೆ. ಸಾಲ, ಟಿಕೆಟ್ಟು, ಊರವರ ಮಾತು ಇವನ್ನೆಲ್ಲ ಅಪ್ಪ ಎತ್ತುತ್ತಾನೆ ಅಂದುಕೊಂಡಿದ್ದೆ. ಅಪ್ಪ ಒಂದು ಗಳಿಗೆ ಸುಮ್ಮನಿದ್ದು ಹೇಳಿದ: "ಬಾ. ನಾಳೆನೇ ಟಿಕೆಟ್ ನೋಡ್ತೆ. ಉಂಡು ಮಲಗು ಈಗ."

ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಬೆಳಿಗ್ಗೆ ಎದ್ದು "ಇನ್ನೊಂದು ವಾರ ನೋಡ್ತೆ ಅಪ್ಪ" ಅಂತ ಮೆಸೇಜ್ ಹಾಕಿದೆ. ಬಯ್ದಿದ್ದರೆ ಹಟಕ್ಕೆ ಬಿದ್ದು ಬಂದೇ ಬಿಡುತ್ತಿದ್ದೆ. ಬಾ ಅಂದದ್ದಕ್ಕೆ ಉಳಿದೆ. ಅಪ್ಪ, ಇದನ್ನು ನಿನಗೆ ಇಲ್ಲಿಯ ತನಕ ಹೇಳಿರಲಿಲ್ಲ.

ಆ ವಾರವೇ ಸಣ್ಣ ತಂಗಿ ನನ್ನನ್ನು ಎಳೆದುಕೊಂಡು ಕೂತಳು. ಬರ್ಗೆನ್‌ನಲ್ಲಿ 1991ರಿಂದ ಪ್ರತಿ ಚಳಿಗಾಲ ಜಿಂಜರ್‌ಬ್ರೆಡ್ಡಿನ, ಅಂದರೆ ಶುಂಠಿ ಬಿಸ್ಕತ್ತಿನ, ಒಂದು ಇಡೀ ಪೇಟೆ ಕಟ್ಟುತ್ತಾರೆ, ಶಾಲೆಮಕ್ಕಳು, ಊರವರು ಮನೆಗಳನ್ನು ಮಾಡಿ ಕೊಡುತ್ತಾರೆ. ನಾವಿಬ್ಬರೂ ಸೇರಿ ನಮ್ಮ ಅಂಕೋಲೆ ಮನೆ ಮಾಡಿದೆವು. ಹಂಚು ಒಂದೊಂದಾಗಿ ಕತ್ತರಿಸಿ, ಸಕ್ಕರೆ ಪಾಕದಲ್ಲಿ ಅಂಟಿಸಿ, ಎದುರಿಗೆ ತುಳಸಿಕಟ್ಟೆ ಇಟ್ಟು. ಕಟ್ಟೆ ಎರಡು ಸಲ ಬಿತ್ತು. ಎರಡೂ ಸಲ ಅವಳೇ ಎತ್ತಿ ನಿಲ್ಲಿಸಿದಳು.

ಅದೇ ತಿಂಗಳು ನಾನು ಅಡುಗೆ ಮಾಡಿದೆ. ಅಲ್ಲಿ ಬಾಂಗಡೆಯನ್ನು ಟೊಮೆಟೊ ರಸದಲ್ಲಿ ಹಾಕಿ ಡಬ್ಬಿಯಲ್ಲಿ ಮಾರುತ್ತಾರೆ, ತಣ್ಣಗೆ ಬ್ರೆಡ್ಡಿನ ಮೇಲೆ ಹಚ್ಚಿಕೊಂಡು ತಿನ್ನುತ್ತಾರೆ. ನಮ್ಮ ಬಾಂಗಡೆಗೆ ಈ ಗತಿಯೇ ಅನಿಸಿ, ಇಡೀ ಮೀನು ತರಿಸಿ, ಆಯಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಿದ್ದ ಜುಮ್ಮನಕಾಯಿ, ಮುರುಗಲ ಸಿಪ್ಪೆ, ಒಣಮೆಣಸು ಹಾಕಿ, ಡಬ್ಬಿಯ ಕಾಯಿಹಾಲಿನಲ್ಲಿ ಸಾರು ಮಾಡಿದೆ. ಜುಮ್ಮನಕಾಯಿಗೆ ಎಲ್ಲರ ನಾಲಿಗೆ ಜುಂ ಅಂದಿತು. ಮನೆಯ ಯಜಮಾನರು ಕಣ್ಣೀರು ಒರೆಸಿಕೊಳ್ಳುತ್ತಲೇ ಮತ್ತೊಮ್ಮೆ ಬಡಿಸಿಕೊಂಡರು. ಊಟವಾದ ಮೇಲೆ ಆ ಸಣ್ಣವಳು ಕುರ್ಚಿಯಿಂದ ಇಳಿದು, ನನ್ನ ಕಡೆ ತಿರುಗಿ, "ತಾಕ್ ಫೊರ್ ಮಾತೆನ್" ಅಂದಳು. ಅಡುಗೆ ಮಾಡಿದವರು "ವೆಲ್‌ಬೆಕೊಮ್ಮೆ" ಅನ್ನಬೇಕು. ನನಗೆ ಗಂಟಲು ಕಟ್ಟಿ ಮಾತು ಹೊರಡಲಿಲ್ಲ. ಹದಿನಾರು ವರ್ಷ ಒಬ್ಬಳು ಮಾಡಿ ಹಾಕಿದ್ದಾಳೆ, ಒಂದು ದಿನ ಮಾಡಿದ್ದಕ್ಕೆ ನನಗೆ ಇಷ್ಟು ಸಿಕ್ಕಿತು.

ಡಿಸೆಂಬರ್ 16ಕ್ಕೆ, ಜೀವಮಾನವಿಡೀ ಗಿಡ ನೆಟ್ಟು ಬೆಳೆಸಿದ ತುಳಸಿ ಗೌಡ ತೀರಿಹೋದರು. ಫೆಬ್ರುವರಿ 13ಕ್ಕೆ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮ ಗೌಡ. ಹೊನ್ನಳ್ಳಿ, ಬಡಿಗೇರಿ ಎರಡೂ ನಮ್ಮ ತಾಲೂಕೇ. ಕ್ಲಾಸಿನಲ್ಲಿ ನನ್ನ ಊರಿನ ಬಗ್ಗೆ ಮಾತಾಡಲು ಹೇಳಿದಾಗ ನಾನು ಹಾಲಕ್ಕಿ ಸಮುದಾಯದ ಈ ಇಬ್ಬರು ಅಜ್ಜಿಯರ ಬಗ್ಗೆ ಹೇಳಿದೆ. ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತೆಗೆದುಕೊಂಡ ತುಳಸಜ್ಜಿಯ ಫೋಟೋ ತೋರಿಸಿದೆ. ಒಬ್ಬ ಹುಡುಗ ಕೇಳಿದ, "ನೀನು ಅವರನ್ನು ಭೇಟಿಯಾಗಿದ್ದೀಯಾ?" ಇಲ್ಲ ಅಂದೆ. ಒಂದೇ ತಾಲೂಕಿನಲ್ಲಿದ್ದು ಒಮ್ಮೆಯೂ ಹೋಗಿ ಒಂದು ಮಾತು ಹೇಳಿರಲಿಲ್ಲ. ಈ ಬರಹ ಬರೆಯಬೇಕು ಅಂತ ಅವತ್ತೇ ನಿಶ್ಚಯಿಸಿದೆ.

ಅಲ್ಲಿ ನಾನಿದ್ದ ಎರಡನೆಯ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಅವರ ಭಾಷೆಯಲ್ಲಿ ಬೆಸ್ತೆಮೂರ್. ಮೇ 17 ಅವರ ಸಂವಿಧಾನದ ದಿನ, 1814ರದ್ದು. ಸೈನ್ಯದ ಮೆರವಣಿಗೆ ಇಲ್ಲ, ಮಕ್ಕಳದ್ದೇ ಮೆರವಣಿಗೆ. ನಾನು ಆಯಿಯ ಹಸಿರು ಸೀರೆ ಉಟ್ಟು ಹೋದೆ. ಜರ್ಮನ್ನರು ದೇಶ ಹಿಡಿದಿದ್ದ ವರ್ಷಗಳಲ್ಲಿ ಈ ದಿನ ಬಾವುಟ ಹಿಡಿಯುವ ಹಾಗಿರಲಿಲ್ಲ ಅಂತ ಬೆಸ್ತೆಮೂರ್ ಹೇಳಿದರು. ನಾನು 1930ರಲ್ಲಿ ಅಂಕೋಲೆಯವರು ಉಪ್ಪು ಮಾಡಿ ಜೈಲಿಗೆ ಹೋದದ್ದನ್ನು, ಗುಜರಾತಿನ ಬಾರ್ಡೋಲಿ ಸತ್ಯಾಗ್ರಹಕ್ಕೆ ಹೋಲಿಸಿ ಕರ್ನಾಟಕದ ಬಾರ್ಡೋಲಿ ಅಂತ ನಮ್ಮೂರನ್ನು ಕರೆಯುವುದನ್ನು ಹೇಳಿದೆ. ಅವರು ನನ್ನ ಸೆರಗು ಸರಿಮಾಡಿ ಇನ್ನಷ್ಟು ಹೇಳು ಅಂದರು.

ನಮ್ಮೂರ ರೋಟರಿಯ ಹಿರಿಯರಿಗೆ, ವರ್ಷ ತಡವಾದರೂ ಪ್ರವೇಶ ಕೊಟ್ಟ ಕಾಲೇಜಿನ ಪ್ರಾಂಶುಪಾಲರಿಗೆ, ಹೆದ್ದಾರಿ ಬಂದಾದ ದಿನಗಳಲ್ಲಿ ಅಪ್ಪನಿಗೆ ಉದ್ರಿ ಕೊಟ್ಟ ವ್ಯಾಪಾರಿಗಳಿಗೆ, ನಾನಿಲ್ಲದಾಗ ಆಯಿಗೆ ವಿಡಿಯೋ ಕಾಲ್ ಹಚ್ಚಿ ಕೊಡುತ್ತಿದ್ದ ಪಕ್ಕದ ಮನೆ ಅಣ್ಣನಿಗೆ, ನನ್ನ ಎರಡೂ ಮನೆಯವರಿಗೆ ಕೈಮುಗಿದು ಧನ್ಯವಾದ.

ಬಂದ ಮೊದಲ ದಿನ ಆಯಿ ಗಂಜಿಗೆ ಒಣಬಾಂಗಡೆ ಸುಟ್ಟು ಕೊಟ್ಟಳು. ಜುಲೈ, ಬೋಟು ಕಡಲಿಗೆ ಇಳಿದಿರಲಿಲ್ಲ. ಉಂಡು ಎದ್ದು "ಊಟ ಚಲೋ ಇತ್ತು ಆಯಿ, ಥ್ಯಾಂಕ್ಸ್" ಅಂದೆ. ಆಯಿ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು. "ಎಂಥ ಆಯ್ತೆ ನಿಂಗೆ? ಹೊರಗಿನವರ ಹಾಗೆ ಮಾತಾಡ್ತೆ." ಎದುರಿಗೆ ಹೇಳಿದರೆ ಅವಳಿಗೆ ತಡೆಯುವುದಿಲ್ಲ. ಹಾಗಾಗಿ ಎಲ್ಲರೆದುರು ಇಲ್ಲಿ ಹೇಳುತ್ತಿದ್ದೇನೆ: ಇಷ್ಟು ವರ್ಷದ ಅಷ್ಟೂ ಊಟಕ್ಕೆ, ಆಯಿ.

ಬೆಸ್ತೆಮೂರ್ ಮತ್ತು ಆ ಸಣ್ಣ ತಂಗಿಯ ಮನೆಯವರು ಮುಂದಿನ ಮೇಯಲ್ಲಿ ಅಂಕೋಲೆಗೆ ಬರುತ್ತಾರೆ, ಬಂಡಿಹಬ್ಬದ ಹೊತ್ತಿಗೆ. ಹಾಸಿಗೆ ಎಲ್ಲಿ ಹಾಕುವುದು ಅಂತ ಆಯಿ ಈಗಲೇ ಲೆಕ್ಕ ಹಾಕುತ್ತಿದ್ದಾಳೆ. ಆಗ ನಮ್ಮ ಕರಿ ಇಶಾಡು ಮಾವು ಹಣ್ಣಾಗಿರುತ್ತದೆ.