ಬೇಸಿಗೆಯಲ್ಲಿ ನಮ್ಮ ವೆಲ್ಡಿಂಗ್ ಸಮಯ ಬದಲಾಗಿದೆ

ಪ್ರಿಯ ಗ್ರಾಹಕರೇ,

ಬಿಸಿಲು ಜೋರಾಗಿರುವ ದಿನಗಳಲ್ಲಿ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ನಾವು ಇನ್ನು ತಾರಸಿ ಮೆಂಬ್ರೇನ್‌ನ (ನೀರು ಸೋರದಂತೆ ಹೊದಿಸುವ ಹಾಳೆಯ) ಜೋಡುಗಳನ್ನು ವೆಲ್ಡ್ ಮಾಡುವುದಿಲ್ಲ. ಬೆಳಗ್ಗೆ ಬೇಗ ಬರುತ್ತೇವೆ, ಬಿಸಿಲು ಇಳಿದ ಮೇಲೆ ಮತ್ತೆ ಹತ್ತುತ್ತೇವೆ. ಕೆಲಸ ಒಂದೆರಡು ದಿನ ಜಾಸ್ತಿ ಹಿಡಿಯಬಹುದು. ಒಪ್ಪಿಕೊಂಡ ದರ ಮಾತ್ರ ಅಷ್ಟೇ ಇರುತ್ತದೆ.

"ಬಿಸಿಗಾಳಿಯಲ್ಲೇ ಬೆಸೆಯೋದಲ್ವಾ, ಬಿಸಿಲಿದ್ರೆ ಇನ್ನೂ ಸುಲಭ ಅಲ್ವಾ?" ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ.

ಪಿವಿಸಿ, ಟಿಪಿಒ ಎಂಬ ಪ್ಲಾಸ್ಟಿಕ್ ಹಾಳೆಗಳ ಜೋಡಿಗೆ ಅಂಟು ಬೇಡ. ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಹೊದಿಸುತ್ತೇವೆ. ಯಂತ್ರದ ಮೂತಿ ಆ ಸಂದಿಯೊಳಗೆ 500 ಡಿಗ್ರಿ ಆಸುಪಾಸಿನ ಗಾಳಿ ಊದುತ್ತಾ ಸಾಗುತ್ತದೆ. ಎರಡೂ ಮೈ ಕರಗಿದ ಕ್ಷಣಕ್ಕೇ ಹಿಂದಿನ ಗಾಲಿ ಒತ್ತಬೇಕು. ಬಿಸಿ, ವೇಗ, ಒತ್ತಡ, ಮೂರರಲ್ಲಿ ಒಂದು ತಪ್ಪಿದರೂ ಬೆಸುಗೆ ಕೆಡುತ್ತದೆ. ಬಿಸಿಲಲ್ಲಿ ಹಾಳೆ ಆಗಲೇ ಕಾದಿರುತ್ತದೆ. ಕಪ್ಪು ಹಾಳೆಯಾದರೆ 70 ಡಿಗ್ರಿ ದಾಟುವುದೂ ಉಂಟು. ಬೆಳಗಿನ ವೇಗದಲ್ಲೇ ಮಧ್ಯಾಹ್ನ ಓಡಿಸಿದರೆ ಪಿವಿಸಿ ಕಂದುಬಣ್ಣಕ್ಕೆ ತಿರುಗಿ ಹೊಗೆಯಾಡುತ್ತದೆ. ಆಗ ವೇಗ ಹೆಚ್ಚಿಸುತ್ತೇವೆ. ಸುಟ್ಟಿದ್ದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದರ ಭಯ ನಮಗೆ ಅಷ್ಟಿಲ್ಲ.

ಭಯ ಇರುವುದು ನೆರಳಿನದು. ಕಳೆದ ಬೇಸಿಗೆಯಲ್ಲಿ ನಾವು ಮುಗಿಸಿದ ಒಂದು ತಾರಸಿ ಮೊದಲ ಮಳೆಗೇ ಸೋರಿತು. ಮೇಲೆ ಹತ್ತಿ ನೋಡಿದರೆ ಜೋಡು ನೀಟಾಗಿ, ಗೆರೆ ಎಳೆದಂತೆ ಇತ್ತು. ಮೊಂಡು ತುದಿಯ ಕಡ್ಡಿ ಹಿಡಿದು ಅಂಚಿನುದ್ದಕ್ಕೂ ಒತ್ತುತ್ತಾ ಹೋದೆವು. ಒಂದು ಕಡೆ ಕಡ್ಡಿ ಸಲೀಸಾಗಿ ಒಳಗೆ ಹೋಯಿತು. ಅಲ್ಲಿಂದ ಮುಂದೆ ಸುಮಾರು ಎರಡು ಮೀಟರ್, ಅಂಟಿಸದ ಲಕೋಟೆಯ ಬಾಯಿಯಂತೆ ಬಿಚ್ಚಿಕೊಳ್ಳುತ್ತಾ ಬಂತು. ಆಮೇಲೆ ಮತ್ತೆ ಗಟ್ಟಿ. ಕೆಲಸದ ದಿನ ತೆಗೆದಿದ್ದ ಫೋಟೊ ನೋಡಿದಾಗಲೇ ವಿಷಯ ತಿಳಿದದ್ದು. ಮೆಟ್ಟಿಲು ಕೋಣೆಯ ನೆರಳು ಸರಿಯಾಗಿ ಅಷ್ಟೇ ಉದ್ದಕ್ಕೆ ಬಿದ್ದಿತ್ತು. ಬಿಸಿಲಿಗೆಂದು ಹೆಚ್ಚಿಸಿದ್ದ ವೇಗದಲ್ಲೇ ಯಂತ್ರ ನೆರಳಿಗೆ ನುಗ್ಗಿತ್ತು. ಅಲ್ಲಿನ ಹಾಳೆ ತಣ್ಣಗಿತ್ತು, ಕರಗಲು ಸಮಯ ಸಾಲಲಿಲ್ಲ. ಸಂಜೆ ಕಡ್ಡಿ ಹಾಕಿ ನೋಡಿದ್ದರೆ ಅವತ್ತೇ ಸಿಗುತ್ತಿತ್ತು. ಇಡೀ ಮಧ್ಯಾಹ್ನ ಬೆಂದು ಸುಸ್ತಾಗಿದ್ದವರು ಅಷ್ಟು ಭಾಗ ಬಿಟ್ಟುಬಿಟ್ಟಿದ್ದೆವು. ತಪ್ಪು ನಮ್ಮದೇ. ಅದರ ಮೇಲೆ ಹೊಸ ಪಟ್ಟಿ ಬೆಸೆದು ಕೊಟ್ಟೆವು.

ತಾರಸಿ ಅಂದ ಮೇಲೆ ನೀರಿನ ಟ್ಯಾಂಕು, ಪ್ಯಾರಪೆಟ್ಟು, ಹಾದುಹೋಗುವ ಮೋಡ ಇದ್ದೇ ಇರುತ್ತವೆ. ನೆತ್ತಿಯ ಬಿಸಿಲಿನಲ್ಲಿ ಬಿಸಿಲಿಗೂ ನೆರಳಿಗೂ ಇರುವ ಅಂತರ ತೀರಾ ದೊಡ್ಡದು. ಬೆಳಗ್ಗೆ, ಸಂಜೆ ಅದು ಕಡಿಮೆ. ಇಷ್ಟೇ ಕಾರಣ.

ಹಾಗಂತ ಬೆಳಗ್ಗೆ ಎಲ್ಲಾ ಸಲೀಸು ಅಂತಲ್ಲ. ಇಬ್ಬನಿ ಇರುತ್ತದೆ. ಸಂದಿಯಲ್ಲಿ ತೇವ ಉಳಿದರೆ ಅದು ಆವಿಯಾಗಿ ಬೆಸುಗೆಯೊಳಗೆ ಗುಳ್ಳೆ ಏಳುತ್ತದೆ. ರಾತ್ರಿ ಕೂತ ಧೂಳನ್ನೂ ಒರೆಸಬೇಕು. ಆದ್ದರಿಂದ ಬೇಗ ಬಂದವರು ಸುಮ್ನೆ ಕೂತಿರುವಂತೆ ಕಂಡರೆ, ಹಾಳೆ ಒಣಗಲಿ ಅಂತ ಕಾಯುತ್ತಿದ್ದಾರೆ ಎಂದುಕೊಳ್ಳಿ.

ಇನ್ನೊಂದು ಬದಲಾವಣೆ ಪರೀಕ್ಷೆಯದು. ಮೊದಲು ದಿನಕ್ಕೊಂದು ಸಲ ಮಾಡುತ್ತಿದ್ದೆವು. ಈಗ ಪ್ರತಿ ಸಲ ಯಂತ್ರ ಶುರು ಮಾಡುವಾಗ, ಮೋಡ ಕವಿದಾಗ, ಬಿಸಿಲು ಮರಳಿದಾಗ ಮಾಡುತ್ತೇವೆ. ಎರಡು ತುಂಡು ಹಾಳೆ ಬೆಸೆದು, ಪೂರ್ತಿ ಆರಲು ಬಿಟ್ಟು, ಅಡ್ಡಲಾಗಿ ಒಂದು ಪಟ್ಟಿ ಕತ್ತರಿಸಿ ಎಳೆಯುತ್ತೇವೆ. ಬೆಸುಗೆ ಬಿಟ್ಟುಕೊಂಡರೆ ಫೇಲ್. ಬೆಸುಗೆ ಹಿಡಿದುಕೊಂಡು ಹಾಳೆಯೇ ಹರಿದು ಒಳಗಿನ ನೂಲಿನ ಜಾಲರಿ ಕಂಡರೆ ಪಾಸ್. ಪಟ್ಟಿಗಳ ಮೇಲೆ ಗಂಟೆ ಬರೆದು ನಿಮ್ಮ ಕೈಗೇ ಕೊಡುತ್ತೇವೆ. ಅನುಮಾನ ಇದ್ದರೆ ನೀವೇ ಒಮ್ಮೆ ಎಳೆದು ನೋಡಿ.

ನಡುಮಧ್ಯಾಹ್ನ ಯಾರೂ ತಾರಸಿ ಮೇಲಿರುವುದಿಲ್ಲ. ಬಿಳಿ ಹಾಳೆಯಿಂದ ಎದ್ದ ಬಿಸಿಲು ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತದೆ, ಒಂದು ಗಂಟೆಯಲ್ಲಿ ಮನುಷ್ಯ ಹಣ್ಣಾಗುತ್ತಾನೆ.

ನಿಮ್ಮಿಂದ ಎರಡು ಸಹಾಯ ಬೇಕು. ಯಂತ್ರಕ್ಕೆ ತಾರಸಿಗೆ ಹತ್ತಿರದ ಪ್ಲಗ್ ಕೊಡಿ, ಅದೇ ಲೈನ್‌ನಲ್ಲಿ ಪಂಪ್ ಹಾಕಬೇಡಿ. ಉದ್ದದ ವೈರಿನಲ್ಲಿ ವೋಲ್ಟೇಜ್ ಇಳಿದರೆ ಗಾಳಿಯ ಬಿಸಿಯೂ ಇಳಿಯುತ್ತದೆ. ಮತ್ತೆ, ಆಗಷ್ಟೇ ಬೆಸೆದ ಜೋಡಿನ ಮೇಲೆ ಕಾಲಿಡಬೇಡಿ. ಬಿಸಿಲಲ್ಲಿ ಅದು ಆರಲು ಜಾಸ್ತಿ ಹೊತ್ತು ಬೇಕು.

ಇಪಿಡಿಎಂ ರಬ್ಬರ್ ಹಾಳೆ ಹಾಕಿಸಿಕೊಂಡವರಿಗೆ ಈ ಪತ್ರ ಅನ್ವಯಿಸುವುದಿಲ್ಲ. ಅದನ್ನು ಬೆಸೆಯುವುದಿಲ್ಲ, ಟೇಪಿನಿಂದ ಜೋಡಿಸುತ್ತೇವೆ. ಉಳಿದವರಿಗೆ ಹೊಸ ದಿನಾಂಕಗಳನ್ನು ಫೋನ್ ಮಾಡಿ ತಿಳಿಸುತ್ತೇವೆ.

ಇಂತಿ ನಿಮ್ಮ,
ತಾರಸಿ ಕೆಲಸದ ತಂಡ