‘ಮುಟ್ಟು ಸರಿಯಾಗಿ ಆಗ್ತಿದೆಯಾ?’ ಎಂದು ಮೊದಲೇ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವರ್ಷ ಒಂದು ಬೆಳಿಗ್ಗೆ ವಿಜಯನಗರದಲ್ಲಿ ಮೆಟ್ರೊ ಹತ್ತಿದವಳು ಮೆಜೆಸ್ಟಿಕ್ ಬರುವ ಮುಂಚೆಯೇ ಮಾಗಡಿ ರಸ್ತೆ ನಿಲ್ದಾಣದಲ್ಲಿ ಇಳಿದುಬಿಟ್ಟೆ. ಎದೆ ಡವಡವ, ಮೈಯೆಲ್ಲ ಬೆವರು, ಇನ್ನೇನು ಪ್ರಾಣ ಹೋಗುತ್ತದೆ ಅನ್ನಿಸಿತು. ಆಗ ನನಗೆ 46. ಅದಕ್ಕೂ ಮೊದಲು ಎಷ್ಟೋ ತಿಂಗಳಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಮಗಳ ಪರೀಕ್ಷೆ, ಅಮ್ಮನ ಮಾತ್ರೆ, ಆಫೀಸಿನ ಫೈಲು, ಎಲ್ಲವೂ ಕತ್ತಲಲ್ಲಿ ಬೆಟ್ಟದಷ್ಟಾಗುತ್ತಿದ್ದವು. ಹಗಲಲ್ಲಿ ಕಾರಣವಿಲ್ಲದ ಅಳು. ಒಲೆ ಮುಂದೆ ನಿಂತಿದ್ದರೂ ಒಗ್ಗರಣೆ ಸೀದದ್ದು ಗೊತ್ತಾಗುತ್ತಿರಲಿಲ್ಲ.

ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲ ಸರಿಯಿದ್ದವು. ಈ ಪರೀಕ್ಷೆಗಳು ಬೇಕೇ ಬೇಕು. ಥೈರಾಯ್ಡ್ ಏರುಪೇರಾದರೂ, ರಕ್ತ ಕಡಿಮೆಯಾದರೂ ಹೀಗೆಯೇ ಆಗಬಹುದು. ಆದರೆ ಮೂವರು ವೈದ್ಯರಲ್ಲಿ ಒಬ್ಬರೂ ಮುಟ್ಟಿನ ವಿಚಾರ ಎತ್ತಲಿಲ್ಲ. ‘ಟೆನ್ಷನ್ ಮಾಡ್ಕೋಬೇಡಿ ಅಮ್ಮ’ ಎಂದು ಕಳಿಸಿದರು. ನಾಲ್ಕನೆಯವರು ಕೇಳಿದ ಮೊದಲ ಪ್ರಶ್ನೆಯೇ ಅದು. ಒಮ್ಮೆ ಇಪ್ಪತ್ತು ದಿನಕ್ಕೆ, ಒಮ್ಮೆ ಎರಡು ತಿಂಗಳಿಗೆ ಎಂದು ಹೇಳುತ್ತಾ ಹೋದಂತೆ, ಇದೆಲ್ಲ ಮುಟ್ಟು ನಿಲ್ಲುವ ಕಾಲದ ಏರುಪೇರು ಎಂದು ನನಗೇ ಹೊಳೆಯಿತು.

ಮುಟ್ಟು ಪೂರ್ತಿ ನಿಲ್ಲುವ ಮುಂಚಿನ ಕೆಲವು ವರ್ಷ ಈಸ್ಟ್ರೊಜೆನ್ ಎಂಬ ಹಾರ್ಮೋನ್ ಒಂದೇ ಸಮನೆ ಇಳಿಯುವುದಿಲ್ಲ. ಏರುತ್ತದೆ, ದಿಢೀರನೆ ಕುಸಿಯುತ್ತದೆ. ಮನಸ್ಸಿನ ಸಮತೋಲಕ್ಕೆ ಬೇಕಾದ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕದ ಮೇಲೂ ಅದರ ಪರಿಣಾಮವಿದೆ. ರಾತ್ರಿ ಬೆವತು ನಿದ್ದೆ ಕೆಟ್ಟರಂತೂ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಬಾಣಂತನದಲ್ಲಿ ಖಿನ್ನತೆ ಅನುಭವಿಸಿದವರಿಗೆ ಈ ಅಪಾಯ ಹೆಚ್ಚು. ಪಾಶ್ಚಾತ್ಯ ದೇಶಗಳಲ್ಲಿ ಸರಾಸರಿ 51ಕ್ಕೆ ನಿಲ್ಲುವ ಮುಟ್ಟು ನಮ್ಮಲ್ಲಿ 46–47ಕ್ಕೇ ನಿಲ್ಲುತ್ತದೆ. ಅಂದರೆ ನಲವತ್ತರ ಆಸುಪಾಸಿನಲ್ಲೇ ಈ ಕಾಲ ಶುರುವಾಗಬಹುದು.

ನನ್ನಮ್ಮ ಈ ವಯಸ್ಸಿನಲ್ಲಿ ಹಿತ್ತಲ ಬಾಗಿಲಲ್ಲಿ ಒಬ್ಬಳೇ ಕೂತಿರುತ್ತಿದ್ದಳು. ‘ಅವಳಿಗೆ ಮೂಗಿನ ತುದಿಯಲ್ಲೇ ಕೋಪ’ ಎಂದುಕೊಂಡು ನಾವು ದೂರವೇ ಉಳಿದೆವು. ಮೊನ್ನೆ ಕೇಳಿದೆ. ‘ಯಾರ ಹತ್ರ ಹೇಳ್ಕೊಳ್ಳೋದಿತ್ತು ಮಗಳೇ?’ ಅಂದಳು. ಆ ಮಾತು ಇನ್ನೂ ಕೊರೆಯುತ್ತಿದೆ.

ನನ್ನ ಕೈ ಹಿಡಿದದ್ದು ಆಪ್ತಸಮಾಲೋಚನೆ, ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ, ಸಂಜೆ ಕಾಫಿ ಬಿಟ್ಟದ್ದು, ಕೆಲ ಕಾಲ ವೈದ್ಯರು ಕೊಟ್ಟ ಮಾತ್ರೆ. ‘ಪರಿಹಾರ ಹೇಳಬೇಡಿ, ಸುಮ್ಮನೆ ಪಕ್ಕದಲ್ಲಿ ಕೂತಿರಿ’ ಎಂದು ಗಂಡನಿಗೆ ಬಾಯಿಬಿಟ್ಟು ಹೇಳಿದ್ದೂ ಅಷ್ಟೇ ಮುಖ್ಯ. ಕೆಲವರಿಗೆ ಹಾರ್ಮೋನ್ ಚಿಕಿತ್ಸೆ ಒಗ್ಗುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅದನ್ನು ವೈದ್ಯರೇ ನಿರ್ಧರಿಸಬೇಕು. ತೀರಾ ಕುಗ್ಗಿದವರು, ಬದುಕೇ ಬೇಡ ಅನ್ನಿಸಿದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು.

ನಾನು ಮೆಟ್ರೊ ಇಳಿದು ಬೆಂಚಿನ ಮೇಲೆ ಕೂರಬಲ್ಲವಳಾಗಿದ್ದೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸು ಹಾಗೆ ಎದ್ದು ಹೋಗಲಾರಳು, ನಾಲ್ಕು ವೈದ್ಯರನ್ನೂ ನೋಡಲಾರಳು. ಆದ್ದರಿಂದ ಆರೋಗ್ಯ ಇಲಾಖೆಯಲ್ಲಿ ನನ್ನ ವಿನಂತಿ: ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ನಲವತ್ತು ದಾಟಿದ ಹೆಂಗಸರಿಗೆ ಬಿಪಿ ಪಟ್ಟಿ ಸುತ್ತುವ ಹೊತ್ತಿನಲ್ಲೇ ಮುಟ್ಟು, ನಿದ್ದೆ, ಮನಸ್ಸು ಹೇಗಿದೆ ಎಂದು ಕೇಳುವುದನ್ನು ಕಡ್ಡಾಯ ಮಾಡಿ.

– ಓದುಗಿ, ವಿಜಯನಗರ, ಬೆಂಗಳೂರು